ಐದರ ಗೆರೆ

ಆಗಸ್ಟ್ 6

ಅಮ್ಮಾ,

'ನಾನು ಇಲ್ಲಿ ಕ್ಷೇಮ' ಎಂದು ಬರೆಯಲು ಕೈ ತಾನಾಗಿಯೇ ಹೋಯಿತು. ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ವಾರ್ಡನ್ ಮಿಸ್ ಬೋರ್ಡಿನ ಮೇಲೆ ಬರೆದ ಆ ಸಾಲನ್ನು ಹತ್ತು ವರ್ಷ ಕಾಪಿ ಮಾಡಿ ನಿನಗೆ ಕಳಿಸಿದ್ದೇನಲ್ಲ. ಈಗ ನನ್ನ ಕಾಗದವನ್ನು ಮೊದಲು ಓದಿ ಪಾಸ್ ಮಾಡುವವರು ಯಾರೂ ಇಲ್ಲ. ಆದ್ದರಿಂದ ನಿಜ ಹೇಳುತ್ತೇನೆ. ಅಷ್ಟೇನೂ ಕ್ಷೇಮವಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ 'ಊಟ ಆಯ್ತಾ' ದಾಟಿ ಮುಂದೆ ಹೋದದ್ದೇ ಇಲ್ಲ.

ನಮ್ಮ ಲ್ಯಾಬ್ ಮೂರನೇ ಮಹಡಿಯಲ್ಲಿದೆ. ಒಳಗೊಂದು ಹಳದಿ ದೀಪದ ಕೋಣೆ. ದಿನವೆಲ್ಲ ನಾನು ಅಲ್ಲೇ. ಕೆಲಸ ಏನೆಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಬೆರಳ ತುದಿಯಷ್ಟಗಲದ ಪಾರದರ್ಶಕ ರಬ್ಬರ್ ತುಂಡು, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆ. ಇದಕ್ಕೆ ಚಿಪ್ ಎನ್ನುತ್ತಾರೆ. ಕಾಲುವೆಗೆ ಒಂದು ದ್ರವ ತುಂಬಿಸಿ, ಮೇಲೆ ಮಾಸ್ಕ್ ಎನ್ನುವ ಕಪ್ಪು ಫಿಲ್ಮ್ ಇಟ್ಟು ಅಲ್ಟ್ರಾವಯಲೆಟ್ ಬೆಳಕು ಬಿಡಬೇಕು. ಫಿಲ್ಮಿನ ಕಿಂಡಿಗಳಿಂದ ಬೆಳಕು ಬಿದ್ದಲ್ಲಿ ಮಾತ್ರ ದ್ರವ ಗಟ್ಟಿಯಾಗಿ ಜೆಲ್ ಕಂಬವಾಗುತ್ತದೆ. ಉಳಿದದ್ದನ್ನು ತೊಳೆದುಬಿಡಬೇಕು. ಹಾಗೆ ನಿಂತ ಕಂಬಗಳ ಸಾಲೇ ಒಂದು ಬೇಲಿ. ಜೆಲ್ ನೀರು ಕುಡಿದು ಉಬ್ಬಿದ ಮೇಲೆ ಕಂಬಕ್ಕೂ ಕಂಬಕ್ಕೂ ನಡುವೆ ಎಂಟು ಮೈಕ್ರಾನ್ ಸಂದು ಉಳಿಯಬೇಕು. ಮಿಲಿಮೀಟರನ್ನು ಸಾವಿರ ಚೂರು ಮಾಡಿ ಎಂಟು ತೆಗೆದುಕೋ, ಅಷ್ಟು. ಆಗತಾನೇ ಹುಟ್ಟಿದ ಮಗುವಿನ ಒಂದು ಹನಿ ರಕ್ತ ಬಿಟ್ಟರೆ ಕೆಂಪು ಕಣಗಳು ನುಸುಳಿ ಹೋಗುತ್ತವೆ, ಬಿಳಿ ಕಣಗಳು ಸಿಕ್ಕಿಕೊಳ್ಳುತ್ತವೆ. ಎಷ್ಟು ಸಿಕ್ಕಿದವೆಂದು ಎಣಿಸಿದರೆ ಮಗುವಿಗೆ ಸೋಂಕಿದೆಯೋ ಇಲ್ಲವೋ ಬೇಗ ಗೊತ್ತಾಗುತ್ತದೆ. ಸೂಜಿಯಿಂದ ರಕ್ತ ಎಳೆಯುವುದೂ ತಪ್ಪುತ್ತದೆ.

ಆದರೆ ನನ್ನ ಕಂಬಗಳು ಅರ್ಧ ಕರಗಿದ ಮೇಣದಬತ್ತಿಗಳ ಹಾಗೆ ಬರುತ್ತಿವೆ. ಅಂಚೇ ಇಲ್ಲ. ಕಲಿಸಿಕೊಡುವ ಸೀನಿಯರ್ ಅಕ್ಕ ಹೋದ ವಾರ, "ಎಷ್ಟು ಸಲ ಕೇಳ್ತೀಯಾ? ಬರೆದಿಟ್ಟಿದೀನಲ್ಲ, ಓದ್ಕೋ" ಎಂದರು. ಅಂದಿನಿಂದ ಕೇಳುವುದನ್ನೇ ಬಿಟ್ಟಿದ್ದೇನೆ. ಎಲ್ಲದಕ್ಕೂ ಸಾರಿ ಸಾರಿ ಎನ್ನುತ್ತೇನಂತೆ, ನಮ್ಮ ಗೈಡ್ ಸರ್ ಮೊನ್ನೆ ಬಾಗಿಲಲ್ಲಿ ನಿಂತು, "ಎಲ್ಲಿ ನಮ್ಮ ಸಾರಿ ಮೇಡಂ?" ಎಂದು ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಡಿಸೆಂಬರಿನಲ್ಲಿ ನನ್ನ ಸಂಶೋಧನೆಯ ಮೊದಲ ರಿವ್ಯೂ. ಅಷ್ಟರೊಳಗೆ ಕಂಬ ನಿಲ್ಲದಿದ್ದರೆ ನಾನೂ ನಿಲ್ಲುವುದಿಲ್ಲ.

ಇನ್ನೊಂದು ಮಾತು. ನಾನು ಹೊರಟ ದಿನವೂ ನೀನು ಟ್ರಂಕ್ ಹಿಡಿದು ಆ ವಾಟರ್ ಟ್ಯಾಂಕಿನ ಹಿಂದಿನ ಸುತ್ತುದಾರಿಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದೆ. ಶಾಲೆ ಬೀದಿಯಲ್ಲಿ ಹೋದರೆ ಐದೇ ನಿಮಿಷ. ಮಂಡಿನೋವು ಇಟ್ಟುಕೊಂಡು ಅದೇನು ಹಟ?

ನಿನ್ನ
ಪುಟ್ಟಿ


ಆಗಸ್ಟ್ 19

ಪುಟ್ಟಿ,

ನಿನ್ನ ಕಾಗದ ಮೊದಲ ಸಲ ನಿಂತೇ ಓದಿದೆ. ಕೈಯಲ್ಲಿ ಇಂಕ್ ಇತ್ತು, ಮೂಲೆಯೆಲ್ಲ ನೀಲಿಯಾಯಿತು. ಎರಡನೇ ಸಲ ಕೈ ತೊಳೆದು ಓದಿದೆ.

ನಗು ಬಂತು ಕಣೆ, ಬೇಜಾರು ಮಾಡಿಕೊಳ್ಳಬೇಡ. ಇಷ್ಟು ಓದಿ ಅಷ್ಟು ದೂರ ಹೋಗಿ ನೀನು ಮಾಡುತ್ತಿರುವುದು ಸ್ಕ್ರೀನ್ ಪ್ರಿಂಟಿಂಗೇ ಅಲ್ಲವೇ? ಹಳದಿ ಬಲ್ಬಿನ ಕೆಳಗೆ ಚೌಕಟ್ಟಿಗೆ ಬಿಗಿದ ಬಟ್ಟೆಗೆ ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಬಳಿದು, ಫಿಲ್ಮ್ ಇಟ್ಟು, ಬೆಳಕು ಬಿಟ್ಟು, ಬೆಳಕು ಕಾಣದ್ದನ್ನು ನೀರಲ್ಲಿ ತೊಳೆದುಬಿಡುವುದು. ಇಪ್ಪತ್ತು ವರ್ಷದಿಂದ ನಾನು ಇನ್ನೇನು ಮಾಡಿದ್ದೇನೆ? ನನ್ನ ಚೀಲದ ಮೇಲಿನ ಅಕ್ಷರ ದೊಡ್ಡದು, ನಿನ್ನದು ಕಣ್ಣಿಗೆ ಕಾಣದ್ದು.

ಒಂದು ಕೇಳುತ್ತೇನೆ. ಫಿಲ್ಮಿನ ಯಾವ ಮುಖ ಕೆಳಗಿಡುತ್ತೀ? ನೋಡಲು ಎರಡೂ ಒಂದೇ ಥರ. ಕಪ್ಪು ಒಂದೇ ಕಡೆ ಇರುತ್ತದೆ. ತುಟಿ ಕೊಂಚ ಒದ್ದೆ ಮಾಡಿ ಫಿಲ್ಮಿನ ಬರೀ ಮೂಲೆಗೆ ತಾಗಿಸು. ಅಂಟಿದ ಮುಖದಲ್ಲಿ ಕಪ್ಪು ಇದೆ. ಆ ಮುಖ ಕೆಳಗೆ, ಕೆಲಸಕ್ಕೆ ಒತ್ತಿಕೊಂಡು ಕೂರಬೇಕು. ಮೇಲಾದರೆ ಫಿಲ್ಮಿನ ದಪ್ಪದೊಳಗೆ ಬೆಳಕು ಅಡ್ಡಾದಿಡ್ಡಿ ಹರಡಿ ಅಂಚು ಹಾಳಾಗುತ್ತದೆ. ನಾನು ಕಲಿಯುವಾಗ ಹೀಗೇ ಮಾಡಿ ಬಟ್ಟೆ ಅಂಗಡಿಯ ಇನ್ನೂರು ಚೀಲ ಉಲ್ಟಾ ಹೊಡೆದಿದ್ದೆ. ಕನ್ನಡಿ ಮುಂದೆ ಹಿಡಿದು ಓದಬೇಕು. ಮೇಸ್ತ್ರಿ ಒಂದು ವಾರ ನನ್ನನ್ನು 'ಕನ್ನಡಿ' ಎಂದೇ ಕರೆದ. ನಿನಗೆ ಸಾರಿ, ನನಗೆ ಕನ್ನಡಿ.

ಸುತ್ತುದಾರಿ ವಾಕಿಂಗ್ ಆಗಲಿ ಎಂದು. ಮಂಡಿ ಚೆನ್ನಾಗಿದೆ.

ಅಮ್ಮ


ಸೆಪ್ಟೆಂಬರ್ 4

ಅಮ್ಮಾ, ಅಮ್ಮಾ,

ಯಾರೂ ಇಲ್ಲವೆಂದುಕೊಂಡು ಫಿಲ್ಮಿನ ಮೂಲೆಗೆ ತುಟಿ ತಾಗಿಸುತ್ತಿದ್ದೆ. ಹಿಂದಿನಿಂದ ಸೀನಿಯರ್ ಅಕ್ಕ, "ಏನೇ ಇದು, ಮಾಸ್ಕಿಗೆ ಮುತ್ತು ಕೊಡ್ತಿದೀಯಾ?"

"ಸಾರಿ ಅಕ್ಕ. ನಮ್ಮಮ್ಮ ಹೇಳಿದ್ರು..."

"ನಿಮ್ಮಮ್ಮ ಯಾವ ಯೂನಿವರ್ಸಿಟಿ?"

"ಚೀಲ ಪ್ರಿಂಟ್ ಮಾಡ್ತಾರೆ."

ಅವರು ನಗುತ್ತಾರೆಂದು ಕಾದೆ. ನಗಲಿಲ್ಲ. ಫಿಲ್ಮ್ ಇಸಿದುಕೊಂಡು ತಾವೂ ಮೂಲೆಗೆ ತುಟಿ ತಾಗಿಸಿ ನೋಡಿದರು. ಒಂದು ತಿಂಗಳಿಂದ ನಾನು ಉಲ್ಟಾ ಇಡುತ್ತಿದ್ದೆ ಅಮ್ಮಾ! ತಿರುಗಿಸಿ ಇಟ್ಟೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಂಬಗಳು ಅಸೆಂಬ್ಲಿಯಲ್ಲಿ ನಿಂತ ಹಾಸ್ಟೆಲ್ ಹುಡುಗಿಯರ ಹಾಗೆ ಒಂದೇ ಸಾಲು, ಒಂದೇ ಎತ್ತರ.

ಆಮೇಲೆ ಅಳತೆ. ಜೆಲ್ ಒಂದು ದಿನ ನೆನೆಯಬೇಕು, ಉಬ್ಬಿದ ಮೇಲೆ ಸಂದು ಅಳೆಯಬೇಕು. ಅಕ್ಕನ ನೋಟ್ಸಿನಲ್ಲಿ ಬಫರಿನಲ್ಲಿ ನೆನೆಸು ಎಂದಿದೆ. ಬಫರ್ ಎಂದರೆ ಲವಣ ಹಾಕಿದ ನೀರು, ರಕ್ತದಷ್ಟೇ ಉಪ್ಪು. ಆ ಬಾಟಲಿ ಇರುವ ಕೋಣೆಗೆ ಬೀಗ, ಕೀಲಿ ಅಕ್ಕನ ಪರ್ಸಿನಲ್ಲಿ. ಮತ್ತೆ ಕೇಳಿ ಬೈಸಿಕೊಳ್ಳುವುದು ಯಾಕೆ ಎಂದು ಡಿಸ್ಟಿಲ್ಡ್ ನೀರಿನಲ್ಲೇ ನೆನೆಸಿದೆ. ನೀರು ನೀರೇ ತಾನೆ. ಎಂಟು ಬಂತು. ಇಪ್ಪತ್ತು ಚಿಪ್ ಅಳೆದೆ, ಎಲ್ಲ ಎಂಟೇ!

ಸರ್ ರಿಪೋರ್ಟ್ ನೋಡಿ ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮನನ್ನು ಕರೆಸಿದರು. ಅವರು ಚಿಪ್ ಬೆಳಕಿಗೆ ಹಿಡಿದು, "ಇಷ್ಟೇ ಇಷ್ಟಿದೆ, ಇದು ಮಗು ಉಳಿಸುತ್ತಾ?" ಎಂದರು. ನವೆಂಬರಿನಲ್ಲಿ ನಲವತ್ತು ಕೂಸುಗಳ ಮೇಲೆ ಟೆಸ್ಟ್, ನನ್ನ ಕೈಯಲ್ಲಿ ಮಾಡಿದ ಚಿಪ್ಪುಗಳಿಂದ.

ನಿನ್ನ ತುಟಿಯಿಂದ ಅಮ್ಮಾ. ಸರ್‌ಗೆ ಅದನ್ನು ಹೇಳಲಿಲ್ಲ.

ನಿನ್ನ
ಪುಟ್ಟಿ


ಸೆಪ್ಟೆಂಬರ್ 17

ಪುಟ್ಟಿ,

ತುಂಬಾ ಸಂತೋಷ. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ, ಅರ್ಥವಾಗಲಿ ಬಿಡಲಿ.

ಕೂಸುಗಳಿಗೆ ಎಂದೆಯಲ್ಲ. ಹಾಗಾದರೆ ಇನ್ನೊಂದು ಸಲ ಅಳೆ. ಮೇಜಿನ ಮೇಲಿರುವುದನ್ನು ತೆಗೆದುಕೊಂಡು ಅಳೆಯಬೇಡ. ಕಳಿಸುವ ಡಬ್ಬಿಯೊಳಗಿನಿಂದ ಒಂದನ್ನು ತೆಗೆದು ಅಳೆ. ಅದನ್ನು ಹೇಗೆ ಬಳಸುತ್ತಾರೋ ಹಾಗೇ ಬಳಸಿ ಅಳೆ. ನೀನೇ ಅಳೆ, ಬೇರೆಯವರ ಮಾತು ನಂಬಬೇಡ. ಅಳೆದ ಮೇಲೆ ಬರೆ.

ಅಮ್ಮ


ಅಕ್ಟೋಬರ್ 12

ಅಮ್ಮಾ,

ಒಂದು ಒಳ್ಳೆಯ ಸುದ್ದಿ ಬರೆದರೆ ಮೂರು ಸಲ 'ಅಳೆ, ಅಳೆ, ಅಳೆ'. ಇಲ್ಲಿ ಕ್ಯಾಮೆರಾ ಅಳೆಯುತ್ತದೆ, ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಇದು ಅಂಗಡಿ ಚೀಲವಲ್ಲ.

ಹೋಗಲಿ, ಬರೆಯಬಾರದೆಂದುಕೊಂಡದ್ದನ್ನೂ ಬರೆಯುತ್ತೇನೆ. ಎಂಟು ವರ್ಷಕ್ಕೇ ನನ್ನನ್ನು ಹಾಸ್ಟೆಲಿಗೆ ಹಾಕಿದೆ. ಇಂಗ್ಲಿಷ್ ಬರಲಿ ಎಂದೆ. ಬಂತು. ಅರ್ಧ ಬಂತು, ಕನ್ನಡವೂ ಅರ್ಧವಾಯಿತು. ಜ್ವರ ಬಂದ ರಾತ್ರಿಗಳಲ್ಲಿ ಸಿಕ್ ರೂಮಿನ ಆಯಾ ಬಂದು ಥರ್ಮಾಮೀಟರ್ ಇಟ್ಟು ಹೋಗುತ್ತಿದ್ದಳು. ಆಗ ಯಾರೂ ನನ್ನನ್ನು ಇನ್ನೊಂದು ಸಲ ನೋಡಲಿಲ್ಲ. ಈಗ ನನ್ನ ಕೆಲಸವನ್ನು ಇನ್ನೊಂದು ಸಲ ನೋಡು ಎನ್ನುತ್ತೀ. ನಾನು ಏನು ಮಾಡಿದರೂ ನಿನಗೆ ಕಾನ್ಫಿಡೆನ್ಸ್ ಇಲ್ಲ ಅಲ್ಲವೇ?

ಚಿಪ್ ಡಬ್ಬಿ ಸೀಲ್ ಆಗಿ ಹೋಗಿದೆ.

ಪುಟ್ಟಿ


ನವೆಂಬರ್ 3, ಸೋಮವಾರ

ಅಮ್ಮಾ,

ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ಸರಿ. ಆ ಕಾಗದ ಪೋಸ್ಟ್ ಮಾಡಿದ ಕೂಡಲೇ ಡಬ್ಬಿಯೊಳಗೆ ಕೈ ಹಾಕಿ ವಾಪಸ್ ತೆಗೆಯಬೇಕೆನಿಸಿತ್ತು.

ಈಗ ಹೇಳುವುದನ್ನು ಯಾರಿಗೂ ಹೇಳಿಲ್ಲ. ಶನಿವಾರ ಡಿಸ್ಟಿಲ್ಡ್ ನೀರಿನ ಕ್ಯಾನ್ ಖಾಲಿಯಾಗಿತ್ತು. ಬೀಗದ ಕೋಣೆ ತೆರೆದಿತ್ತು. ಹೊಸದಾಗಿ ಮಾಡಿದ ಚಿಪ್ಪನ್ನು ಬಫರಿನಲ್ಲಿ ನೆನೆಸಿದೆ, ನೋಟ್ಸಿನಲ್ಲಿ ಇದ್ದ ಹಾಗೆ, ಮೊದಲನೇ ಸಲ. ಭಾನುವಾರ ಅಳೆದೆ. ಸಂದು ಹದಿಮೂರು.

ಕ್ಯಾಮೆರಾ ಕೆಟ್ಟಿದೆ ಎಂದುಕೊಂಡೆ. ಮತ್ತೆ ಅಳೆದೆ. ಹದಿಮೂರು. ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದೆ. ಈ ಥರದ ಜೆಲ್ ಸಾದಾ ನೀರಿನಲ್ಲಿ ಹೊಟ್ಟೆ ತುಂಬ ಕುಡಿದು ಉಬ್ಬುತ್ತದೆ. ಉಪ್ಪು ನೀರಿನಲ್ಲಿ ಅಷ್ಟು ಕುಡಿಯುವುದಿಲ್ಲ, ಕಂಬ ಸಣ್ಣಗಾಗುತ್ತದೆ, ಸಂದು ದೊಡ್ಡದಾಗುತ್ತದೆ. ರಕ್ತ ಉಪ್ಪು ಅಮ್ಮಾ. ಬಿಳಿ ಕಣಗಳು ಬೇಲಿ ದಾಟಿ ಹೋಗುತ್ತವೆ. ಸೋಂಕಿರುವ ಮಗುವಿಗೂ ಚಿಪ್ 'ಏನೂ ಇಲ್ಲ' ಎನ್ನುತ್ತದೆ. ರಿಪೋರ್ಟಿನಲ್ಲಿ ನಾನು ಏನು ಬರೆದಿದ್ದೇನೆ ಗೊತ್ತೇ? 'ಬಫರಿನಲ್ಲಿ ನೆನೆಸಿ ಅಳೆಯಲಾಗಿದೆ.' ಅಕ್ಕನ ನೋಟ್ಸಿನಿಂದ ಸಾಲಿಗೆ ಸಾಲು ಕಾಪಿ. ಹಾಸ್ಟೆಲಿನ ಬೋರ್ಡಿನಿಂದ 'ಕ್ಷೇಮ' ಕಾಪಿ ಮಾಡಿದ ಹಾಗೆಯೇ.

ಬರುವ ಸೋಮವಾರ, ಹತ್ತನೇ ತಾರೀಕು, ಡಾಕ್ಟರಮ್ಮ ಶುರು ಮಾಡುತ್ತಾರೆ.

ಹೇಳಿದರೆ ನಾನು ಸುಳ್ಳು ರಿಪೋರ್ಟ್ ಕೊಟ್ಟವಳು. ಡಿಸೆಂಬರ್ ರಿವ್ಯೂ ಮುಗಿದ ಹಾಗೆಯೇ, ಈ ಚಿಪ್ ಬಗ್ಗೆ ಅಕ್ಕ ಬರೆಯುತ್ತಿರುವ ಪೇಪರೂ ನಿಂತುಹೋಗುತ್ತದೆ. ಯೋಚಿಸಿ ನೋಡಿದೆ. ಆಸ್ಪತ್ರೆಯಲ್ಲಿ ಮಾಮೂಲಿ ಟೆಸ್ಟನ್ನೂ ಜೊತೆಗೆ ಮಾಡುತ್ತಾರೆ. ಎರಡೂ ತಾಳೆಯಾಗದಿದ್ದರೆ ಚಿಪ್ ಸರಿಯಿಲ್ಲವೆಂದು ಅವರಿಗೇ ತಿಳಿಯುತ್ತದೆ. ಅಷ್ಟರೊಳಗೆ ನಾನು ಸದ್ದಿಲ್ಲದೆ ಹೊಸ ಫಿಲ್ಮ್ ಮಾಡಿಸಿ ಸರಿಯಾದ ಚಿಪ್ ಕೊಟ್ಟುಬಿಡಬಹುದು. ಯಾರಿಗೂ ಏನೂ ಆಗುವುದಿಲ್ಲ ಅಲ್ಲವೇ? ಅಲ್ಲವೇ ಅಮ್ಮಾ?

ಫೋನ್ ಮಾಡಬೇಡ. ದನಿ ಕೇಳಿದರೆ ಅಳು ಬರುತ್ತದೆ.

ಪುಟ್ಟಿ


ನವೆಂಬರ್ 6

ಪುಟ್ಟಿ,

ಆರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಇದನ್ನು ಕೊರಿಯರಿನಲ್ಲಿ ಹಾಕುತ್ತಿದ್ದೇನೆ, ಶನಿವಾರ ಬೆಳಿಗ್ಗೆ ಸಿಗುತ್ತದಂತೆ. ಅಂಗಡಿ ಬಾಗಿಲು ಹಾಕಿ ಬರೆಯುತ್ತಿದ್ದೇನೆ.

ನಿನಗೆ ಎಂಟು ವರ್ಷ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಜ್ವರದ ಸಿರಪ್ ಮಾಡುವ ಒಬ್ಬರು ನನಗೆ ಅಳತೆ ಕಪ್ಪುಗಳ ಕೆಲಸ ಕೊಟ್ಟಿದ್ದರು. ಬಾಟಲಿಯ ಮುಚ್ಚಳದ ಮೇಲೆ ಬರುವ ಪುಟ್ಟ ಪ್ಲಾಸ್ಟಿಕ್ ಕಪ್ಪು. ಅದರ ಮೇಲೆ ಎರಡೂವರೆ, ಐದು, ಹತ್ತು ಎಂದು ಗೆರೆ ಹೊಡೆಯಬೇಕು. ಎರಡನೇ ಸಲ ಕಪ್ಪುಗಳು ಬಂದಾಗ ಹಳೆಯ ಸ್ಕ್ರೀನನ್ನೇ ಇಟ್ಟೆ. ಹೊಡೆಯುವ ಮುಂಚೆ ಅಳೆದೂ ನೋಡಿದೆ. ಐದು ಎಂಎಲ್ ನೀರು ಹಾಕಿದೆ, ಗೆರೆಗೆ ಸರಿಯಾಗಿ ನಿಂತಿತು. ಆದರೆ ನಾನು ಅಳೆದದ್ದು ಮೇಜಿನ ಮೇಲೆ ಬಿದ್ದಿದ್ದ ಹಳೆಯ ಕಪ್ಪನ್ನು. ಹೊಸ ಚೀಲದೊಳಗಿನದನ್ನಲ್ಲ. ಹೊಸದು ತಳದಲ್ಲಿ ಅಗಲ. ಮೂರು ಸಾವಿರ ಹೊಡೆದು ಕೊಟ್ಟೆ.

ಎರಡು ದಿನದ ಮೇಲೆ ಕಸ ಗುಡಿಸುವಾಗ ಮೇಜಿನ ಕೆಳಗೆ ಒಂದು ಹೊಸ ಕಪ್ಪು ಸಿಕ್ಕಿತು. ಹಳೆಯದರೊಳಗೆ ಕೂರಿಸಲು ಹೋದೆ, ಕೂರಲಿಲ್ಲ. ಹಳೆಯದರ ಐದನ್ನು ಹೊಸದಕ್ಕೆ ಸುರಿದೆ. ನೀರು ಗೆರೆಯ ಕೆಳಗೇ ನಿಂತಿತು. ಎಷ್ಟು ಕೆಳಗೆ ಎಂದು ನೋಡಲಿಲ್ಲ. ಚೆಲ್ಲಿಬಿಟ್ಟೆ.

ಆಮೇಲೆ ನಾಲ್ಕು ದಿನ ಸುಮ್ಮನಿದ್ದೆ. ಅವರೇ ಅಳೆದು ನೋಡುತ್ತಾರೆ, ಕಂಪನಿಯವರು ತಾನೆ, ಎಂದುಕೊಂಡೆ. ಯಾರಿಗೂ ಏನೂ ಆಗುವುದಿಲ್ಲ ಎಂದುಕೊಂಡೆ. ನೀನು ಬರೆದಿದ್ದೀಯಲ್ಲ, ಅದೇ ಮಾತು.

ಐದನೇ ದಿನ ಶಾಲೆ ಬೀದಿಯಲ್ಲಿ ಹಸಿರು ಗೇಟಿನ ಮನೆಯ ಮೂರು ವರ್ಷದ ಮಗುವನ್ನು ಆಸ್ಪತ್ರೆಗೆ ಸೇರಿಸಿದರು. ಜ್ವರಕ್ಕೆ ಸಿರಪ್ ಹಾಕಿದ್ದರು, ದಿನಕ್ಕೆ ನಾಲ್ಕು ಸಲ. ಔಷಧಿ ಜಾಸ್ತಿಯಾಗಿ ಲಿವರ್‌ಗೆ ಏಟು ಬಿದ್ದಿದೆ ಎಂದರಂತೆ. ಆ ಮನೆಯಾಕೆ, ಮಗುವಿನ ತಾಯಿ, ಬಟ್ಟೆ ಹೊಲಿಯುತ್ತಿದ್ದರು, ನನಗೆ ಪರಿಚಯ. ಮಾತಾಡಿಸಿ ಬರಲು ಅವರ ಮನೆಗೆ ಹೋದೆ. ಅವರ ಅತ್ತೆ ಎಲ್ಲರೆದುರಿಗೂ, "ಓದು ಬರಹ ಬರುತ್ತೆ, ಒಂದು ಗೆರೆ ನೋಡಿ ಔಷಧಿ ಹಾಕೋಕೆ ಬರಲ್ವಾ ಇವಳಿಗೆ?" ಎನ್ನುತ್ತಿದ್ದರು. ಆಕೆ ಗೋಡೆ ನೋಡಿಕೊಂಡು, "ಐದರ ಗೆರೆಗೇ ಹಾಕಿದೆ. ಐದರ ಗೆರೆಗೇ ಹಾಕಿದೆ" ಎಂದು ಹೇಳುತ್ತಲೇ ಇದ್ದರು. ಕಿಟಕಿ ಕಟ್ಟೆಯ ಮೇಲೆ ನಾನು ಹೊಡೆದ ಅಳತೆ ಕಪ್ಪು ಇತ್ತು. ನಾನು ಅದನ್ನು ನನ್ನ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.

ಮಗು ಹನ್ನೊಂದು ದಿನದ ಮೇಲೆ ಮನೆಗೆ ಬಂತು. ಬದುಕಿತು. ವಾರದೊಳಗೆ ಸಿರಪ್ಪಿನವರು ಉಳಿದ ಕಪ್ಪುಗಳನ್ನು ವಾಪಸ್ ತಂದು, "ಮಾರ್ಕ್ ಸರಿ ಇಲ್ವಂತೆ, ಬೇರೆ ಹೊಡೆದುಕೊಡಿ" ಎಂದರು. ಯಾರೂ ಏನೂ ಕೇಳಲಿಲ್ಲ. ಕೇಳಲಿಲ್ಲವೆಂದು ನಾನೂ ಹೇಳಲಿಲ್ಲ. ಆಕೆಯ ಕೈಗೆ ಮಗುವನ್ನು ಮೊದಲಿನ ಹಾಗೆ ಬಿಡಲೇ ಇಲ್ಲವಂತೆ. ಔಷಧಿಯನ್ನಂತೂ ಮುಟ್ಟಲೂ ಬಿಡುತ್ತಿರಲಿಲ್ಲವಂತೆ.

ಅದೇ ತಿಂಗಳು ನಿನಗೆ ಜ್ವರ ಬಂತು. ಕೈಯಲ್ಲಿ ಕಪ್ಪು ಹಿಡಿದು ನಿಂತೆ. ಸುರಿಯಲು ಆಗಲಿಲ್ಲ. ಪಕ್ಕದ ಮನೆಯವರನ್ನು ಕೂಗಿ ಹಾಕಿಸಿದೆ. ನನ್ನ ಕೈ ನಿನ್ನ ಹತ್ತಿರ ಇರಬಾರದು ಎನಿಸಿತು. ಹಾಸ್ಟೆಲಿನಲ್ಲಿ ನರ್ಸ್ ಇರುತ್ತಾರೆ ಎಂದು ಕೇಳಿ ತಿಳಿದುಕೊಂಡೆ. ಇಂಗ್ಲಿಷ್ ಎಂದದ್ದು ಆಮೇಲೆ.

ಹೇಳು ಎಂದು ನಾನು ಹೇಳುವುದಿಲ್ಲ. ಹೇಳುವ ಮುಖ ನನಗಿಲ್ಲ. ನನಗೆ ನಾಲ್ಕು ದಿನ ಇತ್ತು. ಈ ಕಾಗದ ಸಿಕ್ಕಾಗ ನಿನಗೆ ಎರಡು ದಿನ ಇರುತ್ತದೆ.

ಅಮ್ಮ


ನವೆಂಬರ್ 15

ಅಮ್ಮಾ,

ಹೋದ ಶನಿವಾರ ಒಂಬತ್ತೂವರೆಗೆ ಕೊರಿಯರ್ ಬಂತು. ಮೆಟ್ಟಿಲ ಮೇಲೆ ಕೂತು ಓದಿದೆ. ಓದಿ ಮುಗಿಸಿ ಮೇಲೆ ಹೋಗಿ ಸೀನಿಯರ್ ಅಕ್ಕನ ಮುಂದೆ ನಿಂತೆ.

"ಅಕ್ಕ, ನಾನು ಬಫರಿನಲ್ಲಿ ನೆನೆಸಿರಲಿಲ್ಲ. ಸಾದಾ ನೀರು. ಬಫರಿನಲ್ಲಿ ಹದಿಮೂರು ಬರುತ್ತೆ. ರಿಪೋರ್ಟಿನಲ್ಲಿ ಸುಳ್ಳು ಬರೆದಿದೀನಿ."

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ, "ಯಾಕೆ? ಬಫರ್ ಅಲ್ಲೇ ಇತ್ತಲ್ಲ."

"ಕೀಲಿ ನಿಮ್ಮ ಹತ್ರ ಇತ್ತು. ಕೇಳೋಕೆ ಭಯ ಆಯ್ತು."

ಅವರ ಮುಖ ಹೇಗಾಯಿತೆಂದು ಬರೆಯಲು ಬರುತ್ತಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡರು. ಇಬ್ಬರೂ ಸರ್ ಮನೆಗೆ ಹೋದೆವು. ಸರ್ ಬಾಗಿಲಲ್ಲೇ ಕೇಳಿಸಿಕೊಂಡು, "ನನಗೆ ಆಮೇಲೆ ಹೇಳಿ. ಮೊದಲು ಆಸ್ಪತ್ರೆಗೆ ಹೋಗಿ" ಎಂದರು.

ಡಾಕ್ಟರಮ್ಮ ಸೋಮವಾರಕ್ಕೆ ಕಾದಿರಲಿಲ್ಲ ಅಮ್ಮಾ. ಶುಕ್ರವಾರವೇ ಶುರು ಮಾಡಿದ್ದರು. ಆರು ಕೂಸುಗಳು. ಆರಕ್ಕೂ ನನ್ನ ಚಿಪ್ 'ಏನೂ ಇಲ್ಲ' ಎಂದಿತ್ತು. ಮೂರನೇ ತೊಟ್ಟಿಲಿನ ಮಗು ಹಾಲು ಕುಡಿಯುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಅನುಮಾನದ ಮೇಲೆಯೇ ಔಷಧಿ ಶುರು ಮಾಡುತ್ತಿದ್ದರಂತೆ. ಚಿಪ್ ನೋಡಿ, ದೊಡ್ಡ ಲ್ಯಾಬಿನ ರಿಪೋರ್ಟ್ ಬರಲಿ, ಭಾನುವಾರದವರೆಗೆ ಕಾಯೋಣ ಎಂದುಕೊಂಡಿದ್ದರು. ನಾನು ಹೇಳಿ ಮುಗಿಸುವ ಮೊದಲೇ ಅವರ ಕೈ ಫೋನಿನ ಮೇಲಿತ್ತು.

"ಮೂರನೇ ತೊಟ್ಟಿಲಿಗೆ ಈಗಲೇ ಶುರು ಮಾಡಿ. ಈಗಲೇ ಅಂದ್ರೆ ಈಗಲೇ. ನಾನೂ ಬಂದೆ."

ಬಾಗಿಲವರೆಗೆ ಹೋದವರು ತಿರುಗಿ ನನ್ನತ್ತ ನೋಡಿ, "ನಿನ್ ಮೇಲೆ ಕೋಪ ಮಾಡ್ಕೊಳೋಕೆ ಈಗ ಟೈಮಿಲ್ಲಮ್ಮ. ಸೋಮವಾರ ಬಾ, ಮಾಡ್ಕೋತೀನಿ" ಎಂದರು. ಸೋಮವಾರ ಹೋದೆ. ಮಾಡಿಕೊಂಡರು. ಎಲ್ಲವನ್ನೂ ನಿಂತು ಕೇಳಿಸಿಕೊಂಡೆ. ಹಿಂದಿರುಗುವಾಗ ಬಸ್ಸಿನಲ್ಲಿ, ಒಂದು ಸಲವೂ ಸಾರಿ ಎನ್ನಲಿಲ್ಲವಲ್ಲ ಎಂದು ಹೊಳೆಯಿತು. ಆ ಮಾತು ಅಲ್ಲಿಗೆ ತೀರಾ ಚಿಕ್ಕದಾಗಿತ್ತು.

ಮೂರನೇ ತೊಟ್ಟಿಲಿಗೆ ಸೋಂಕು ಇತ್ತು. ಬುಧವಾರದಿಂದ ಹಾಲು ಕುಡಿಯುತ್ತಿದೆ.

ನನ್ನ ರಿವ್ಯೂ ಡಿಸೆಂಬರಿಗಿಲ್ಲ, ಜೂನಿಗೆ. ಫೈಲಿನಲ್ಲಿ ಒಂದು ಕಾಗದ ಸೇರಿದೆ, ಅದರಲ್ಲಿ ನಾನು ಮಾಡಿದ್ದನ್ನು ನನ್ನ ಕೈಯಲ್ಲೇ ಬರೆಸಿದರು. ಅಕ್ಕ ನನ್ನೊಂದಿಗೆ ಹೆಚ್ಚು ಮಾತಾಡುತ್ತಿಲ್ಲ. ಆದರೆ ಬೀಗದ ಕೋಣೆಯ ಕೀಲಿ ಈಗ ಅವರ ಪರ್ಸಿನಲ್ಲಿಲ್ಲ. ಬಾಗಿಲ ಪಕ್ಕ ಮೊಳೆ ಹೊಡೆದು ನೇತುಹಾಕಿದ್ದಾರೆ.

ನಿನ್ನ ಕಾಗದದ ಮಿಕ್ಕ ಭಾಗದ ಬಗ್ಗೆ ಏನು ಬರೆಯಲೋ ತಿಳಿಯುತ್ತಿಲ್ಲ. ಹದಿನಾಲ್ಕು ವರ್ಷ ನಿನ್ನ ಮೇಲೆ ಇಟ್ಟುಕೊಂಡಿದ್ದ ಕೋಪ ಒಂದಿತ್ತು. ಈಗ ಕೈಯಲ್ಲಿ ಹಿಡಿದಿದ್ದೇನೆ, ಎಲ್ಲಿಡಬೇಕೆಂದು ಗೊತ್ತಾಗುತ್ತಿಲ್ಲ.

ಪುಟ್ಟಿ


ನವೆಂಬರ್ 28

ಪುಟ್ಟಿ,

ಮೂರನೇ ತೊಟ್ಟಿಲು ಎಂದು ಓದಿದಾಗ ಕೂತುಬಿಟ್ಟೆ.

ಈ ಕಾಗದದ ಜೊತೆಗಿರುವ ಡಬ್ಬಿಯನ್ನು ಹುಷಾರಾಗಿ ಬಿಚ್ಚು. ಹತ್ತಿಯೊಳಗೆ ಆ ಕಪ್ಪು ಇದೆ. ಕಿಟಕಿ ಕಟ್ಟೆಯದು. ಬಟ್ಟೆ ಬೀರುವಿನ ಹಿಂದಿಟ್ಟಿದ್ದೆ. ಎಸೆಯಲೂ ಆಗಲಿಲ್ಲ, ಅಳೆಯಲೂ ಆಗಲಿಲ್ಲ. ಕೆಲವು ದಿನ, ಅರ್ಧ ಎಂಎಲ್ ಹೆಚ್ಚು ಹಿಡಿದೀತು, ಅಷ್ಟಕ್ಕೆ ಏನಾಗುತ್ತದೆ ಎಂದುಕೊಳ್ಳುತ್ತೇನೆ. ಕೆಲವು ದಿನ ಎರಡರಷ್ಟು ಇರಬಹುದು ಎನಿಸುತ್ತದೆ. ಗೊತ್ತಿಲ್ಲದೆ ಇಷ್ಟು ವರ್ಷ ಕಳೆದೆ.

ನಿಮ್ಮಲ್ಲಿ ಒಳ್ಳೆಯ ತಕ್ಕಡಿ ಇರುತ್ತದೆ. ಅಳೆದು ಬರೆ. ಎಷ್ಟಿದೆಯೋ ಅಷ್ಟೇ ಬರೆ.

ಅಮ್ಮ


ಡಿಸೆಂಬರ್ 10

ಅಮ್ಮಾ,

ಕಪ್ಪು ಸಿಕ್ಕಿತು. ಒಳಗೆ ಗುಲಾಬಿ ಬಣ್ಣದ ಕಲೆ ಇನ್ನೂ ಇತ್ತು. ಅದನ್ನು ತೊಳೆಯಲಿಲ್ಲ.

ಐದರ ಗೆರೆ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಕಪ್ಪನ್ನು ಎತ್ತರದಲ್ಲಿ ಕೂರಿಸಿದೆ. ಹನಿ ಹನಿಯಾಗಿ ನೀರು ಬಿಟ್ಟು ಗೆರೆ ಮುಟ್ಟಿದ ಕೂಡಲೇ ನಿಲ್ಲಿಸಿ ತೂಗಿದೆ. ಒಂದು ಗ್ರಾಂ ನೀರೆಂದರೆ ಒಂದು ಎಂಎಲ್. ಮೂರು ಸಲ ಮಾಡಿದೆ. ಒಂದು ಸಲ ಅಕ್ಕನ ಕೈಯಲ್ಲಿ ಮಾಡಿಸಿದೆ. ಯಾಕೆಂದು ಅವರು ಕೇಳಲಿಲ್ಲ, ನಾನೇ ಹೇಳಿದೆ.

ಮೊದಲನೇ ಸಲ 7.9. ಎರಡನೇ ಸಲ 8.0. ಮೂರನೇ ಸಲ 7.9. ಅಕ್ಕ ಅಳೆದಾಗ 7.9.

ಕಡಿಮೆ ಬರೆಯಬಹುದಿತ್ತು ಅಮ್ಮಾ. ಐದೂವರೆ ಎಂದು ಬರೆದಿದ್ದರೆ ನೀನು ನಂಬುತ್ತಿದ್ದೆ, ಇವತ್ತು ನೆಮ್ಮದಿಯಾಗಿ ಮಲಗುತ್ತಿದ್ದೆ. ಪೆನ್ನು ಹಿಡಿದು ಅರ್ಧ ಗಂಟೆ ಕೂತಿದ್ದೆ. ಐದೆಂದುಕೊಂಡು ಹಸಿರು ಗೇಟಿನ ಮನೆಯ ಆ ತಾಯಿ ಪ್ರತಿಸಲವೂ ಎಂಟು ಹಾಕುತ್ತಿದ್ದರು. ಇದರ ಇನ್ನೊಂದು ಅರ್ಥ, ಅವರು ಗೆರೆ ನೋಡಿಯೇ ಹಾಕಿದ್ದರು. ಈ ಲೋಕದಲ್ಲಿ ಅದು ಗೊತ್ತಿರುವುದು ನಮಗೆ ಮೂವರಿಗೆ ಮಾತ್ರ. ಅವರಿಗೇ ಗೊತ್ತಿಲ್ಲ. ಇಷ್ಟು ಹೊತ್ತಿಗೆ ಅವರೂ ತಮ್ಮ ಕಣ್ಣನ್ನು ನಂಬುವುದು ಬಿಟ್ಟಿರಬಹುದು.

ಅಳತೆಯನ್ನು ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಕೆಳಗೆ ನಾನೂ ಅಕ್ಕನೂ ಸಹಿ ಮಾಡಿದ್ದೇವೆ. ಹಾಳೆಯೂ ಕಪ್ಪೂ ನನ್ನ ಹತ್ತಿರವೇ ಇವೆ. ಪೋಸ್ಟಿನಲ್ಲಿ ಕಳಿಸುವುದಿಲ್ಲ.

ಶನಿವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಬರುತ್ತೇನೆ. ಟ್ಯಾಂಕಿನ ದಾರಿಗೆ ಹೋಗಬೇಡ. ನಾನು ಬಸ್ ಸ್ಟ್ಯಾಂಡಿನಿಂದ ಶಾಲೆ ಬೀದಿಯಲ್ಲೇ ನಡೆದು ಬರುತ್ತೇನೆ, ನೀನು ಮನೆ ಕಡೆಯಿಂದ ಬಾ. ಹಸಿರು ಗೇಟಿನ ಹತ್ತಿರ ಯಾರು ಮೊದಲು ಬಂದರೂ ಇನ್ನೊಬ್ಬರು ಬರುವವರೆಗೆ ನಿಂತಿರೋಣ. ಕದ ನೀನೇ ತಟ್ಟಬೇಕು. ನಾನು ಪಕ್ಕದಲ್ಲಿರುತ್ತೇನೆ.

ನಿನ್ನ
ಪುಟ್ಟಿ